ಇಳಿಯುವವರ ದೀಪ

ಬಲ್ಬಣ್ಣ ಕೂತದ್ದನ್ನು ನಾನು ನೋಡಿದ್ದು ಕಡಿಮೆ. "ಕೂತರೆ ಏಳೋಕಾಗಲ್ಲಮ್ಮ, ಅದಕ್ಕೇ ನಿಂತೇ ಸುಸ್ತು ಆರಿಸ್ಕೊಳ್ತೀನಿ" ಅನ್ನುತ್ತಾರೆ. ಏಣಿಗೆ ಒರಗಿ, ಕಣ್ಣು ಮುಚ್ಚಿ, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ದಾಟಿಸುತ್ತ ನಿಂತಿರುತ್ತಾರೆ. ಯಾರಾದರೂ ಕರೆದರೆ ಕಣ್ಣು ತೆರೆಯುವ ಮುಂಚೆಯೇ "ಬಂದೆ" ಎಂಬ ಮಾತು ಬಾಯಿಂದ ಬಂದುಬಿಡುತ್ತದೆ.

ನಮ್ಮ ಮನೆಗಳಿರುವುದು ಇಳಿಜಾರಿನಲ್ಲಿ. ದೊಡ್ಡ ಗೇಟು ಮೇಲೆ, ರಸ್ತೆಯ ಮಟ್ಟದಲ್ಲಿದೆ. ಅಲ್ಲಿಂದ ಕಲ್ಲಿನ ಮೆಟ್ಟಿಲುಗಳು ಕಟ್ಟಡಗಳ ನಡುವೆ ಇಳಿಯುತ್ತವೆ. ಹತ್ತುವವರು ಉಸಿರು ತೆಗೆದುಕೊಳ್ಳಲೆಂದು ಅಲ್ಲಲ್ಲಿ ಅಗಲವಾದ ಕಟ್ಟೆಗಳಿವೆ, ಒಂದೊಂದು ಕಟ್ಟೆಯ ಪಕ್ಕದ ಗೋಡೆಗೂ ಒಂದೊಂದು ದೀಪವಿದೆ. ಮೆಟ್ಟಿಲುಗಳು ಮುಗಿಯುವುದು ಪಂಪಿನ ಕೋಣೆಯ ಮುಂದೆ. ಆ ಕೋಣೆಗೆ ಅಂಟಿಕೊಂಡ ಚಿಕ್ಕ ಮನೆಯಲ್ಲಿ ಬಲ್ಬಣ್ಣ ಮತ್ತು ಅವರ ಹೆಂಡತಿ ಇರುತ್ತಾರೆ. ಆ ಮನೆ ಕೆಲಸದ ಜೊತೆ ಬಂದದ್ದು. ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು. ನನ್ನ ಅಡುಗೆಮನೆಯ ಕಿಟಕಿ ನಡುವಿನ ಕಟ್ಟೆಗೆ ತೆರೆದುಕೊಳ್ಳುವುದರಿಂದ ಹತ್ತುವವರ ಏದುಸಿರು, ಇಳಿಯುವವರ ಮಾತು ಎರಡೂ ನನ್ನ ಪಾಲಿಗೆ ಬರುತ್ತವೆ.

ನೀರು ಬಿಡುವುದು, ಸೋರುವ ನಲ್ಲಿಗೆ ವಾಷರ್ ಹಾಕುವುದು, ಕಟ್ಟಿಕೊಂಡ ಮೋರಿ ಬಿಡಿಸುವುದು, ಎಲ್ಲವೂ ಬಲ್ಬಣ್ಣನ ಕೆಲಸವೇ. ಆದರೆ ಮೋರಿ ಬಿಡಿಸುವವರನ್ನು ಯಾರೂ ನಿಂತು ನೋಡುವುದಿಲ್ಲ. ಏಣಿಯ ಮೇಲಿರುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಹಾಗಾಗಿ ಆ ಹೆಸರು ನಿಂತುಹೋಯಿತು. ಹಿಂದೆ ಎಂದೋ ಬಣ್ಣ ಬಳಿಯುವವರ ಗುಂಪಿನ ಜೊತೆ ಬಂದವರು ಅವರು. ಗುಂಪು ಬಣ್ಣ ಮುಗಿಸಿ ಹೋಯಿತು. ಒಂದು ಏಣಿ ಇಲ್ಲೇ ಉಳಿಯಿತು, ಅದರ ಜೊತೆ ಅವರೂ ಉಳಿದರು.

ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುತ್ತಾರೆ. ಹಾಸಿಗೆಯ ಚಾದರ, ದಿಂಬಿನ ಚೀಲ, ಡಾಕ್ಟರುಗಳ ಬಿಳಿ ಕೋಟು. ನಮಗೆಲ್ಲ ಅವರು ಇಸ್ತ್ರಿ ಅಕ್ಕ. "ಗಂಡ ಬೆಳಕು, ಹೆಂಡತಿ ಬಿಸಿ, ನಿಮ್ಮ ಮನೇಲಿ ಒಲೆ ಯಾಕ್ರೀ ಬೇಕು" ಎಂದು ಗೇಟಿನ ಕಾವಲುಗಾರ ತಮಾಷೆ ಮಾಡುತ್ತಿರುತ್ತಾನೆ. ಅಕ್ಕ ಅದಕ್ಕೆ, "ಒಲೆ ಹಚ್ಚೋ ತನಕ ಇಬ್ಬರಲ್ಲಿ ಒಬ್ಬರು ಎಚ್ಚರ ಇರಬೇಕಲ್ಲಪ್ಪ" ಅನ್ನುತ್ತಾರೆ. ನಿಜವೇ. ಸಂಜೆ ಅವರಿಬ್ಬರೂ ಮನೆ ಸೇರುವ ಹೊತ್ತಿಗೆ ಮಾತಿಗೂ ತ್ರಾಣ ಉಳಿದಿರುವುದಿಲ್ಲ.

ಮಬ್ಬಾಗುವಾಗ ಬಲ್ಬಣ್ಣ ಪಂಪಿನ ಕೋಣೆಯ ಸ್ವಿಚ್ಚು ಒತ್ತಿ, ಮೆಟ್ಟಿಲ ಬುಡದಲ್ಲಿ ನಿಂತು ಕತ್ತೆತ್ತುತ್ತಾರೆ. ಬುಡದಿಂದ ಗೇಟಿನವರೆಗೆ ಎಲ್ಲ ದೀಪಗಳೂ ಉರಿದರೆ ತಲೆಯಾಡಿಸಿ ಒಳಗೆ ಹೋಗುತ್ತಾರೆ. ಒಂದು ಉರಿಯದಿದ್ದರೆ ನಿಟ್ಟುಸಿರುಬಿಟ್ಟು ಏಣಿ ಹೆಗಲಿಗೇರಿಸುತ್ತಾರೆ. ಇಷ್ಟು ವರ್ಷ ಅವರು ದೀಪ ನೋಡಿದ್ದು ಹೀಗೆಯೇ, ಕೆಳಗಿನಿಂದ ಮೇಲಕ್ಕೆ.

ತಂತಿಯ ಹಳೆಯ ಬಲ್ಬುಗಳಿದ್ದ ಕಾಲದಲ್ಲಿ ಯೋಚಿಸುವುದು ಏನೂ ಇರಲಿಲ್ಲ. ಸುಟ್ಟರೆ ಬಿಚ್ಚು, ಇನ್ನೊಂದು ಹಾಕು. ಎಲ್‌ಇಡಿ ಬಂದಾಗ "ಇನ್ನು ನಿಮ್ಮ ಏಣಿಗೆ ರಜಾ" ಎಂದು ಎಲ್ಲರೂ ಹೇಳಿದರು. ರಜಾ ಸಿಗಲಿಲ್ಲ. ವರ್ಷಗಟ್ಟಲೆ ಉರಿಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದ ಬಲ್ಬುಗಳು ಒಂದು ಮಳೆಗಾಲ ದಾಟದೆ ಸಾಯತೊಡಗಿದವು. ಸಾಯುವ ಮುಂಚೆ ಕೆಲವು ದಿನ ಮಿಣಮಿಣ ಮಾಡುತ್ತಿದ್ದವು. "ಹಳೇದು ಒಂದೇ ಸಲ ಪ್ರಾಣ ಬಿಡ್ತಿತ್ತು. ಇದು ನೆಂಟರನ್ನೆಲ್ಲ ಕರೆಸಿ ಸಾಯುತ್ತೆ" ಎಂದು ಬಲ್ಬಣ್ಣ ಬೇಸರಪಟ್ಟುಕೊಳ್ಳುತ್ತಿದ್ದರು. ಏಣಿ ಹತ್ತಿ ಇಳಿಯುವುದು ಮೊದಲಿಗಿಂತ ಹೆಚ್ಚಾಯಿತು. ಮೊಣಕಾಲು ಆಗಲೇ ಮುಷ್ಕರ ಹೂಡಿತ್ತು.

ಕೊನೆಗೆ ಸತ್ತ ಬಲ್ಬುಗಳನ್ನು ಚೀಲದಲ್ಲಿ ತುಂಬಿಕೊಂಡು ವಿದ್ಯುತ್ ಸಾಮಾನಿನ ಅಂಗಡಿಗೆ ಹೋದರು. ಅಂಗಡಿಯವನು ಇವರನ್ನು ಬಹಳ ಕಾಲದಿಂದ ಬಲ್ಲವನು. ಒಂದು ಬಲ್ಬು ತೆಗೆದು ಬುಡ ನೋಡಿದ. ಕಂದಿಹೋಗಿತ್ತು.

"ಅಣ್ಣ, ನಿಮ್ಮ ದೀಪಕ್ಕೆ ಮುಚ್ಚಿರೋ ಗ್ಲೋಬುಗಳಿಗೆ ಗಾಳಿ ಆಡುತ್ತಾ?"

"ಒಂದು ಹುಳ ಹೋಗೋಕೆ ಬಿಡಲ್ಲ. ಸುತ್ತ ಪುಟ್ಟಿ ಮೆತ್ತಿದ್ದೀನಿ. ಕೆಳಗೆ ಒಂದೊಂದು ತೂತಿತ್ತು, ಅದನ್ನೂ ಮುಚ್ಚಿದ್ದೀನಿ."

ಅಂಗಡಿಯವನು ಹಣೆ ಒರೆಸಿಕೊಂಡ. "ಅದು ನೀರು ಇಳಿದುಹೋಗಲಿ ಅಂತ ಇಟ್ಟಿರೋ ತೂತು ಕಣಣ್ಣ. ಎಷ್ಟು ಮುಚ್ಚಿದ್ರೂ ಒಳಗೆ ಬೆವರುತ್ತೆ. ಮೇಲೆ ಬಿಸಿ, ಕೆಳಗೆ ನೀರು, ನಡುವೆ ಪಾಪ ಬಲ್ಬು. ಹಳೇದು ಬಿಸೀಲೇ ಹುಟ್ಟಿ ಬಿಸೀಲೇ ಬೆಳೆದಿದ್ದು, ತಡ್ಕೋತಿತ್ತು. ಇದರ ಮೆದುಳು ಬುಡದಲ್ಲಿದೆ. ಬೆಂದುಹೋಗುತ್ತೆ."

"ಮೆದುಳು ಬುಡದಲ್ಲಿರೋ ಸಾಮಾನು ಯಾಕಪ್ಪ ಮಾರ್ತೀಯ?"

"ಮುಚ್ಚಿದ ಗ್ಲೋಬಿಗೆ ಅಂತಲೇ ಬೇರೆ ಬರುತ್ತೆ. ಡಬ್ಬಿ ಮೇಲೆ ಬರೆದಿರ್ತಾರೆ, ನೋಡಿ ತಗೋಬೇಕು."

ಬಲ್ಬಣ್ಣ ಡಬ್ಬಿಯನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಇರುವೆ ಸಾಲಿನಂಥ ಅಕ್ಷರ. "ಇದನ್ನ ಓದೋಕೆ ಇನ್ನೊಂದು ಬಲ್ಬು ಬೇಕು" ಎಂದು ಹೇಳಿ, ಅವನು ಕೊಟ್ಟದ್ದನ್ನು ತಂದರು.

ತಾವು ಅಷ್ಟು ಅಕ್ಕರೆಯಿಂದ ಮೆತ್ತಿದ ಪುಟ್ಟಿಯನ್ನು ತಾವೇ ಕೆತ್ತಿ ತೆಗೆಯುವ ಕೆಲಸ ಶುರುವಾಯಿತು. ಗೇಟಿನಿಂದ ಆರಂಭಿಸಿ ಕೆಳಗೆ ಬರುತ್ತಿದ್ದರು. ನಡುವಿನ ಕಟ್ಟೆಯ ದೀಪ, ಅಂದರೆ ನನ್ನ ಕಿಟಕಿಯ ಪಕ್ಕದ್ದು, ಆರಿಹೋಗಿತ್ತು. ಅದರ ಸರದಿ ಬರುವಷ್ಟರಲ್ಲಿ ಅವರ ಕಾಲು ಸೋತಿತು. "ನಾಳೆ ಹಾಕ್ತೀನಮ್ಮ" ಎಂದು ಕಿಟಕಿಯಲ್ಲಿ ನನಗೆ ಹೇಳಿ ಏಣಿ ಹೊತ್ತುಕೊಂಡು ಹೋದರು.

ಇಸ್ತ್ರಿ ಅಕ್ಕ ಬಿದ್ದದ್ದು ಆ ಸಂಜೆಯೇ. ಊಟದ ಡಬ್ಬಿ ಉರುಳಿದ ಸದ್ದು ಕೇಳಿತು. ನಾನು ಓಡಿ ಬಂದಾಗ ಅವರು ಕಟ್ಟೆಯ ಮೇಲೆ ಕೂತು, "ಡಬ್ಬಿಯ ಮುಚ್ಚಳ ಎಲ್ಲೋ ಹೋಯ್ತು ನೋಡೇ" ಅಂದರು. ಕೈಯ ಮಣಿಕಟ್ಟು ಉಳುಕಿತ್ತು. ಮೂಳೆ ಮುರಿಯದೆ ಉಳಿದದ್ದು ದೇವರ ದಯೆ.

ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ಮುಂಚೆಯೇ ಹೇಳಿದ್ದರು. ಆಪರೇಷನ್ ಮಾಡಲು ರಕ್ತದ ಸಕ್ಕರೆ ಹಿಡಿತಕ್ಕೆ ಬರಬೇಕಿತ್ತು. ಅದು ಬರುವ ತನಕ ಕಾಯಬೇಕು. ಕಾಯುವುದು ಅಕ್ಕನಿಗೆ ಕಷ್ಟವಲ್ಲ, ಆದರೆ ಕೆಲಸ ಬಿಟ್ಟು ಕಾಯುವುದು ಅವರಿಗೆ ಬೇಡವಾಗಿತ್ತು.

ಮರುದಿನವೇ ಮಗಳು ಬಂದಳು. ಪೇಟೆಯ ಆಚೆ ಬದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳು, ಗಟ್ಟಿಗಿತ್ತಿ, ಅಳತೆಯ ಟೇಪನ್ನು ಕತ್ತಿನಿಂದ ತೆಗೆಯದೆಯೇ ಬಂದಿದ್ದಳು. ತಾಯಿಯ ಕೈಗೆ ಕಟ್ಟಿದ ಬಟ್ಟೆ ನೋಡಿ ಅವಳ ದನಿ ಏರಿತು.

"ಸಾಕಮ್ಮ. ನನ್ನ ಜೊತೆ ನಡಿ. ಕಣ್ಣು ಕಾಣದವರು ಇಸ್ತ್ರಿ ಪೆಟ್ಟಿಗೆ ಹಿಡೀತಾರಾ?"

"ಬಟ್ಟೆ ನನ್ನ ಕೈಗೆ ಕಾಣುತ್ತೆ ಕಣೇ. ಸುಕ್ಕು ಎಲ್ಲಿದೆ ಅಂತ ಬೆರಳು ಹೇಳುತ್ತೆ."

"ಮೆಟ್ಟಿಲು ಎಲ್ಲಿದೆ ಅಂತ ಬೆರಳು ಹೇಳುತ್ತಾ?"

ಅಕ್ಕ ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡು, "ನಿಮ್ಮಪ್ಪ ಎಲ್ಲಿರ್ತಾರೆ?" ಎಂದು ಕೇಳಿದರು.

ಮಗಳ ಮನೆಯಲ್ಲಿ ಅವಳ ಅತ್ತೆಯ ಮಂಚದ ಪಕ್ಕ ಒಂದು ಹಾಸಿಗೆ ಹಿಡಿಸಬಹುದು. ಎರಡನೆಯದಕ್ಕೆ ಜಾಗವಿಲ್ಲ. ಅದು ಅಪ್ಪ, ಅಮ್ಮ, ಮಗಳು ಮೂವರಿಗೂ ಗೊತ್ತಿತ್ತು. "ಅಪ್ಪಂಗೆ ಅವರ ದೀಪಗಳಿವೆಯಲ್ಲ" ಎಂದಳು ಮಗಳು. ಹೇಳಿದ ಮೇಲೆ ಅವಳಿಗೇ ಆ ಮಾತು ಕಹಿಯಾಗಿರಬೇಕು, ದನಿ ತಗ್ಗಿಸಿದಳು. "ನೋಡಮ್ಮ, ಇನ್ನೊಂದು ಸಲ ಬಿದ್ದರೆ ನಿನ್ನ ಮಾತು ಕೇಳಲ್ಲ. ಆಟೋ ತಂದು ಕರ್ಕೊಂಡು ಹೋಗ್ತೀನಿ. ಮಾತು ಅಂದ್ರೆ ಮಾತು."

ಬಲ್ಬಣ್ಣ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಮಗಳು ಹೊರಟ ಮೇಲೆ ಅದೇ ಅಂಗಡಿಗೆ ಹೋದರು. "ಇರೋದ್ರಲ್ಲಿ ದೊಡ್ಡ ಬೆಳಕು ಕೊಡು. ಬಿಳೀದು. ಒಂದು ಸೂಜಿ ಬಿದ್ರೂ ಕಾಣಬೇಕು." ಅಂಗಡಿಯವನು ಕೊಟ್ಟ. ಹಾಲುಬಣ್ಣದ ಗಾಜು ಬೆಳಕನ್ನು ಕುಡಿಯುತ್ತದೆ ಎಂದೂ ಹೇಳಿದ. ಬಲ್ಬಣ್ಣ ಹಳೆಯ ಹಾಲುಗಾಜಿನ ಗ್ಲೋಬುಗಳನ್ನು ಇಳಿಸಿ ತಿಳಿಗಾಜಿನವನ್ನು ಏರಿಸಿದರು. ನೋವಿನ ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡು ಗೇಟಿನಿಂದ ಬುಡದವರೆಗೆ ಎಲ್ಲವನ್ನೂ ಬದಲಾಯಿಸಿದರು.

ಆ ಸಂಜೆ ಸ್ವಿಚ್ಚು ಒತ್ತಿದಾಗ ಮೆಟ್ಟಿಲುಗಳ ಮೇಲೆ ಮದುವೆಮನೆಯ ಬೆಳಕು. ಜನ ಬಾಲ್ಕನಿಗಳಿಗೆ ಬಂದು ನೋಡಿದರು. "ಹುಂಜ ಕೂಗೀತು ಬಲ್ಬಣ್ಣ, ಜೋಪಾನ" ಎಂದ ಕಾವಲುಗಾರ. ನಿವಾಸಿಗಳ ಸಂಘದ ಕಾರ್ಯದರ್ಶಿ ಮೆಚ್ಚಿ ಬೆನ್ನು ತಟ್ಟಿದರು. ನನ್ನ ಅಡುಗೆಮನೆಯೊಳಗೆ ದೀಪ ಹಾಕುವ ಅಗತ್ಯವೇ ಬೀಳಲಿಲ್ಲ, ಕಣ್ಣಿಗೆ ಮಾತ್ರ ಉರಿ ಬಂತು. ಕಿಟಕಿಗೆ ಒಂದು ಹಳೆಯ ಚಾದರ ಕಟ್ಟಿದೆ. ಅವರ ಮುಖದಲ್ಲಿ ಅಪರೂಪಕ್ಕೆ ಕಂಡ ನೆಮ್ಮದಿಯನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಆಮೇಲೆ, ಕೈ ವಾಸಿಯಾಗಿ ಮತ್ತೆ ಕೆಲಸಕ್ಕೆ ಹೋಗತೊಡಗಿದಾಗ, ಇಸ್ತ್ರಿ ಅಕ್ಕ ಮನೆಗೆ ಬರುವುದು ತಡವಾಗತೊಡಗಿತು. ಒಂದು ಸಂಜೆ ನಾನು ಪ್ರಾರ್ಥನೆ ಮುಗಿಸಿ ಹಿಂದಿರುಗುವಾಗ ಅವರು ಗೇಟಿನ ಪಕ್ಕದ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಇಲ್ಲಿ ಯಾಕೆ ಕೂತಿದ್ದೀರಿ ಅಕ್ಕ?"

"ಗಾಳಿಗೆ" ಎಂದರು. ಗಾಳಿಯೇನೂ ಬೀಸುತ್ತಿರಲಿಲ್ಲ. "ನೀನು ಇಳೀತೀಯಲ್ಲ, ಬಾ, ಹಾಗೇ ಮಾತಾಡ್ತಾ ಹೋಗೋಣ."

ನನ್ನ ತೋಳು ಹಿಡಿದುಕೊಂಡರು. ಹಿಡಿದದ್ದಲ್ಲ, ಕಚ್ಚಿಕೊಂಡದ್ದು. ಮೊದಲ ಮೆಟ್ಟಿಲಿಗೆ ಕಾಲಿಡುವ ಮುಂಚೆ ಪಾದದಿಂದ ತಡವಿ ನೋಡಿದರು. ಎರಡನೆಯದಕ್ಕೂ ಹಾಗೆಯೇ. ನಾನು ಏನೂ ಕೇಳಲಿಲ್ಲ. ಕೇಳದಿದ್ದರೆ ಜನ ತಾವಾಗಿ ಹೇಳುತ್ತಾರೆ. ನನ್ನ ಕಟ್ಟೆ ತಲುಪುವಷ್ಟರಲ್ಲಿ ಅಕ್ಕನೂ ಹೇಳಿದರು.

"ದೀಪ ಮುಖಕ್ಕೆ ಹಿಟ್ಟು ಎರಚಿದ ಹಾಗಾಗುತ್ತೆ ಕಣೇ. ಎದುರಿಗೆ ಎಲ್ಲ ಬೆಳ್ಳಗೆ. ಅದರ ಕೆಳಗೆ ಮೆಟ್ಟಿಲಿದೆ ಅಂತ ಗೊತ್ತು, ಕಾಣಲ್ಲ. ಮುಂಚೆ ಮಂಕು ಬೆಳಕಲ್ಲಿ ಹೇಗೋ ಇಳೀತಿದ್ದೆ."

"ಅಣ್ಣಂಗೆ ಹೇಳಬಾರದಾ?"

"ಆ ಕಾಲಲ್ಲಿ ಹತ್ತಿ ಹತ್ತಿ ಹಾಕಿದ್ದಾರೆ. ಊರೆಲ್ಲ ಹೊಗಳ್ತಾ ಇದೆ. ಇಷ್ಟು ಬೆಳಕಲ್ಲೂ ಕಾಣಲ್ಲ ಅಂದ್ರೆ ಕಣ್ಣು ಪೂರ್ತಿ ಹೋಯ್ತು ಅಂದ್ಕೋತಾರೆ. ಹೆದರಿ ಮಗಳಿಗೆ ಹೇಳ್ತಾರೆ. ಆಮೇಲೆ ನಾನಲ್ಲಿ, ಅವರಿಲ್ಲಿ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ಜಗಳ ಆಡೋಕಾದ್ರೂ ಒಬ್ಬರು ಬೇಕಲ್ವಾ ಈ ವಯಸ್ಸಲ್ಲಿ. ನೀನು ಬಾಯಿ ಬಿಡಲ್ಲ ಅಂತ ನಿನಗೆ ಹೇಳಿದೆ."

ನಾನು ಯಾರಿಗೂ ಹೇಳಲಿಲ್ಲ. ಸಂಜೆ ಆದಷ್ಟು ಗೇಟಿನ ಕಡೆ ಹೋಗಿ ಅವರ ಜೊತೆ ಇಳಿಯುತ್ತಿದ್ದೆ. ನಾನಿಲ್ಲದ ದಿನ ಇನ್ನಾರೋ ಸಿಗುತ್ತಿದ್ದರು. ದೇವರೇ, ಆಪರೇಷನ್ ತನಕ ಇದೊಂದು ನಡೆಸಿಕೊಡು ಎಂದು ಬೇಡಿಕೊಳ್ಳುತ್ತಿದ್ದೆ. ದೇವರು ಬೇರೆ ದಾರಿ ಇಟ್ಟಿದ್ದ.

ತುಂತುರು ಹನಿಯುತ್ತಿದ್ದ ಒಂದು ಸಂಜೆ ಗೇಟಿನ ಹತ್ತಿರ ಅಕ್ಕನಿಗೆ ಯಾರೂ ಸಿಗಲಿಲ್ಲ. ನನಗೆ ಜ್ವರ, ಮಲಗಿದ್ದೆ. ಕಾದು ಕಾದು, ಬೆಂಚು ನೆನೆದು, ಅಕ್ಕ ಒಬ್ಬರೇ ಹೊರಟರು. ಕೆಳಗೆ ಬಲ್ಬಣ್ಣ ಎಂದಿನಂತೆ ಸ್ವಿಚ್ಚು ಒತ್ತಿ ಕತ್ತೆತ್ತಿದರು. ಎಲ್ಲ ದೀಪಗಳೂ ಉರಿಯುತ್ತಿದ್ದವು. ತಲೆಯಾಡಿಸಿ ತಿರುಗಬೇಕು, ಅಷ್ಟರಲ್ಲಿ ಮೇಲಿನ ಮೆಟ್ಟಿಲುಗಳ ಮೇಲೆ ಏನೋ ಅಲುಗಾಡಿದ್ದು ಕಂಡಿತು.

ಮೊದಲು ಒಂದು ಚೀಲ ಕೆಳಗಿನ ಮೆಟ್ಟಿಲಿಗೆ ಬಂದು ಕೂತಿತು. ಆಮೇಲೆ ಒಂದು ಕೈ ಬಂದು ಕಲ್ಲಿನ ಅಂಚನ್ನು ಸವರಿತು. ಅದರ ಹಿಂದೆ ಅವರ ಹೆಂಡತಿ ಕೂತುಕೊಂಡೇ ಒಂದು ಮೆಟ್ಟಿಲು ಜಾರಿದರು. ಮತ್ತೆ ಚೀಲ, ಮತ್ತೆ ಕೈ. ಹೊಸ್ತಿಲು ದಾಟಲು ಕಲಿಯುವ ಕೂಸಿನ ಹಾಗೆ. ನೆನೆದ ಬಟ್ಟೆಯ ಅಂಚು, ಕೈಯಲ್ಲಿ ಹಿಡಿದ ಚಪ್ಪಲಿ, ಕಚ್ಚಿದ ತುಟಿ, ಒಂದೂ ಬಿಡದೆ ಕಂಡವು ಎಂದು ಬಲ್ಬಣ್ಣ ಆಮೇಲೆ ನನಗೆ ಹೇಳಿದರು. ಸೂಜಿ ಬಿದ್ದರೂ ಕಾಣುವ ಬೆಳಕಲ್ಲವೇ ಅದು.

ಮೊಣಕಾಲು ಮರೆತು ಹತ್ತಿ ಬಂದರು. ಇಬ್ಬರೂ ಎದುರಾದದ್ದು ನನ್ನ ಕಿಟಕಿಯ ಕೆಳಗೆ.

"ಬಿದ್ದೆಯಾ?"

"ಇಲ್ಲ. ಕೂತು ಬರ್ತಾ ಇದ್ದೀನಿ."

"ಇಷ್ಟು ಬೆಳಕಲ್ಲಿ?"

"ಬೆಳಕೇ ಕಾಣೋಕೆ ಬಿಡ್ತಿಲ್ಲ ರೀ."

ಬಲ್ಬಣ್ಣ ಗ್ಲೋಬಿನ ಕಡೆ ಕತ್ತೆತ್ತಿ ನೋಡಿದರು.

"ಯಾವಾಗಿಂದ?"

"ನೀವು ಹಾಕಿದಾಗಿಂದ."

"ಹೇಳಬಾರದಿತ್ತಾ ಇವಳೇ?"

"ಹೇಳಿದ್ರೆ ಇನ್ನೂ ದೊಡ್ಡದು ತರ್ತಿದ್ರಿ."

ಬಲ್ಬಣ್ಣ ಕೂತರು. ನೆನೆದ ಕಲ್ಲಿನ ಮೇಲೆ, ಹೆಂಡತಿಯ ಪಕ್ಕದಲ್ಲಿ, ಕಾಲು ಚಾಚಿ ಕೂತರು. ಆಮೇಲೆ ಅಕ್ಕನೇ, "ನಿಮ್ಮ ಹಳೇ ಪ್ಲಾಸ್ಟಿಕ್ ಗ್ಲೋಬು ಒಂದು ಒಳಗೆ ಬೆವರಿ ಮಂಜು ಹಿಡಿದಿತ್ತಲ್ಲ, ಅದರೊಳಗಿಂದ ನೋಡಿದ ಹಾಗಿದೆ ನನ್ನ ಕಣ್ಣು" ಎಂದರು. "ಅದಕ್ಕೆ ಬೆಳಕು ಬಿದ್ರೆ ಮಂಜೇ ಉರಿಯುತ್ತೆ."

ಮರುದಿನ ಸಂಜೆ ಬಲ್ಬಣ್ಣ ಅಟ್ಟದಿಂದ ಆ ಮಂಜು ಹಿಡಿದ ಗ್ಲೋಬು ಹುಡುಕಿ ತೆಗೆದರು. ಒಳಗಿನ ತೇವ ಒಣಗಿ ಪ್ಲಾಸ್ಟಿಕ್ಕು ಹೊಗೆ ಕವಿದ ಹಾಗಿತ್ತು. ಅದನ್ನು ಹಿಡಿದುಕೊಂಡು ಗೇಟಿನವರೆಗೆ ಹತ್ತಿದರು. ಮೇಲಿನ ಮೆಟ್ಟಿಲ ಮೇಲೆ ನಿಂತು, ಗ್ಲೋಬನ್ನು ಕಣ್ಣಿನ ಮುಂದೆ ಹಿಡಿದು, ಇಳಿಯಲು ಒಂದು ಕಾಲು ಎತ್ತಿದರು. ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡರು.

ಬುಡದಲ್ಲಿ ನಿಂತು ನೋಡುವವರಿಗೆ ದೀಪಗಳು ತಲೆಯ ಮೇಲಿರುತ್ತವೆ. ಮೇಲಿಂದ ಇಳಿಯುವವರಿಗೆ ಕೆಳಗಿನ ಕಟ್ಟೆಯ ದೀಪ ನೇರವಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಬಲ್ಬಣ್ಣನ ಕಣ್ಣಿಗೆ ಪೊರೆ ಬಂದಿಲ್ಲದ್ದರಿಂದ ಇಳಿಯುವಾಗ ಅದು ಎಂದೂ ಅಡ್ಡ ಬಂದಿರಲಿಲ್ಲ, ಅವರು ಅದನ್ನು ಗಮನಿಸಿರಲೂ ಇಲ್ಲ. "ದೀಪ ಉರೀತಿದೆಯಾ ಅಂತ ನೋಡ್ತಿದ್ದೆನಮ್ಮ ಇಷ್ಟು ವರ್ಷ" ಎಂದರು ನನ್ನ ಹತ್ತಿರ. "ಮೆಟ್ಟಿಲು ಕಾಣುತ್ತಾ ಅಂತ ಒಂದು ದಿನ ನೋಡಲಿಲ್ಲ." ದನಿಯಲ್ಲಿ ದುಃಖವೂ ಇರಲಿಲ್ಲ, ಬರೀ ದಣಿವು. ಇನ್ನೊಂದು ಸಲ ಎಲ್ಲ ದೀಪಕ್ಕೂ ಏಣಿ ಹತ್ತಬೇಕಲ್ಲ ಎಂಬ ದಣಿವು.

ಅಂಗಡಿಯವನು ಮೊದಲು ನಂಬಲಿಲ್ಲ. "ಎಲ್ಲರೂ ಹೆಚ್ಚು ಕೇಳ್ತಾರೆ, ನೀವು ಕಡಿಮೆ ಕೇಳ್ತೀರಿ."

"ಸಣ್ಣದು ಕೊಡು. ಹಳದಿ ಬೆಳಕಿನದು. ಮಳೆ ಹನಿ ತಡೀಬೇಕು."

"ವಾರ್ಮ್ ಅಂತ ಬರುತ್ತೆ. ಹುಳಾನೂ ಕಡಿಮೆ ಬರುತ್ತೆ ಇದಕ್ಕೆ. ಆದ್ರೆ ಅಣ್ಣ, ಬಲ್ಬು ಕಣ್ಣಿಗೆ ಕಂಡರೆ ಸಣ್ಣದೂ ಚುಚ್ಚುತ್ತೆ. ಮೇಲೊಂದು ಮರೆ ಬೇಕು. ಅಂಥ ಫಿಟ್ಟಿಂಗೇ ಬೇರೆ ಸಿಗುತ್ತೆ."

ಸಂಘದವರು ಈ ವರ್ಷ ಇನ್ನೊಮ್ಮೆ ಏನನ್ನೂ ಕೊಡಿಸುವುದಿಲ್ಲವೆಂದು ಬಲ್ಬಣ್ಣನಿಗೆ ಗೊತ್ತಿತ್ತು. ಆದರೆ ಬಣ್ಣ ಬಳಿದ ಕೈ ಅದು. ಪಂಪಿನ ಕೋಣೆಯಲ್ಲಿ ಖಾಲಿ ಬಣ್ಣದ ಡಬ್ಬಗಳಿಗೆ ಬರವಿರಲಿಲ್ಲ. ಡಬ್ಬವನ್ನು ಉದ್ದಕ್ಕೆ ಸೀಳಿ, ಅಂಚನ್ನು ಮಡಿಸಿ ತಟ್ಟಿ, ಗ್ಲೋಬಿನ ಜಾಗದಲ್ಲಿ ಟೊಪ್ಪಿಯ ಹಾಗೆ ಕೂರಿಸಿದರು. ಮೇಲುಗಡೆ ಮರೆ, ಮುಂದೆ ಮರೆ, ಕೆಳಗೆ ಬಯಲು. ಬಿಸಿ ಹೋಗಲು ದಾರಿ, ನೀರು ನಿಲ್ಲಲು ಜಾಗವಿಲ್ಲ. ಒಳಮೈಗೆ ಬಿಳಿ ಬಣ್ಣ ಬಳಿದರು. ಉಳಿದ ಬಣ್ಣದಲ್ಲಿ ಒಂದೊಂದು ಮೆಟ್ಟಿಲ ಅಂಚಿಗೂ ಒಂದು ಪಟ್ಟೆ ಎಳೆದರು. ಇಷ್ಟಕ್ಕೆ ಒಂದು ವಾರ ಹಿಡಿಯಿತು. ಅಷ್ಟು ದಿನವೂ ಅವರೇ ಗೇಟಿಗೆ ಹೋಗಿ ಹೆಂಡತಿಯ ಕೈ ಹಿಡಿದು ಇಳಿಸಿದರು. "ಮದುವೇಲಿ ಹಿಡಿದಿದ್ದು, ಆಮೇಲೆ ಈಗಲೇ" ಎಂದು ಅಕ್ಕ ನನ್ನ ಕಿಟಕಿಗೆ ಕೇಳುವಂತೆ ಹೇಳಿದರು.

ಮೊದಲ ಟೊಪ್ಪಿ ಕೂರಿಸಿದ ದಿನ ಅಕ್ಕ ಮೇಲಿನ ಮೆಟ್ಟಿಲಲ್ಲಿ ನಿಂತರು, ಬಲ್ಬಣ್ಣ ಏಣಿಯ ಮೇಲೆ.

"ಈಗ?"

"ಕಣ್ಣಿಗೆ ಬರ್ತಿದೆ. ಇನ್ನೂ ಸ್ವಲ್ಪ ಬಗ್ಗಿಸಿ."

"ಈಗ?"

"ಎಡಕ್ಕೆ."

"ನನ್ನ ಎಡಕ್ಕಾ, ನಿನ್ನ ಎಡಕ್ಕಾ?"

"ಇಷ್ಟು ವರ್ಷ ಸಂಸಾರ ಮಾಡಿ ಇದನ್ನ ಕೇಳ್ತೀರಲ್ಲ. ನನ್ನ ಎಡಕ್ಕೆ."

ಡಬ್ಬ ಕಿರ್ರೆಂದಿತು.

"ಈಗ ದೀಪ ಕಾಣ್ತಿಲ್ಲ" ಎಂದರು ಅಕ್ಕ.

ಬಲ್ಬಣ್ಣನ ಕೈ ನಿಂತಿತು. "ಕಾಣ್ತಿಲ್ವಾ?"

"ದೀಪ ಕಾಣ್ತಿಲ್ಲ. ಮೆಟ್ಟಿಲು ಕಾಣ್ತಿದೆ." ಹಾಗೆನ್ನುತ್ತ ಒಂದು ಮೆಟ್ಟಿಲು ಇಳಿದರು. ಬಿಳಿ ಪಟ್ಟೆಯ ಮೇಲೆ ಪಾದವಿಟ್ಟು, ತಡವದೆ, ಇನ್ನೊಂದು ಇಳಿದರು.

ಎಲ್ಲ ಟೊಪ್ಪಿಗಳೂ ಕೂತ ಮೇಲೆ ಕಾರ್ಯದರ್ಶಿ ಬಂದರು. ಕೆಟ್ಟ ಮನುಷ್ಯರಲ್ಲ, ಎಲ್ಲರ ದೂರನ್ನೂ ಹೊತ್ತು ಅವರ ಬೆನ್ನೂ ಬಾಗಿದೆ.

"ಬಲ್ಬಣ್ಣ, ಕತ್ತಲೆ ಅಂತ ಫೋನ್ ಮೇಲೆ ಫೋನ್. ಅರಮನೆ ಥರ ಇತ್ತು, ಬಣ್ಣದ ಡಬ್ಬ ನೇತಾಕಿದ್ದೀರಿ ಅಂತಾರೆ."

"ಹತ್ತೋರು ಹೇಳಿದ್ರಾ ಸಾರ್, ಇಳಿಯೋರು ಹೇಳಿದ್ರಾ?"

ಕಾರ್ಯದರ್ಶಿ ಯೋಚಿಸಿದರು. "ಬಾಲ್ಕನೀಲಿ ನಿಂತೋರು."

ಬಲ್ಬಣ್ಣ ಹೆಂಡತಿಯ ಕಣ್ಣಿನ ವಿಷಯ ಹೇಳಿದರು. ಬೇಡಿಕೊಳ್ಳಲಿಲ್ಲ, ಹೇಳಿದರು ಅಷ್ಟೇ. ಕಾರ್ಯದರ್ಶಿ ಒಮ್ಮೆ ಮೇಲಿನವರೆಗೆ ಹತ್ತಿ ಇಳಿದು ಬಂದರು. "ಗೇಟಿನ ಹತ್ತಿರ ಆ ದೊಡ್ಡ ಬಲ್ಬು ಹಾಗೇ ಇರಲಿ, ಜನಕ್ಕೆ ಸಮಾಧಾನ. ಮೆಟ್ಟಿಲಿಗೆ ಇದಿರಲಿ, ಮುಂದಿನ ಸಭೆ ತನಕ. ಅಲ್ಲಿ ಏನಂತಾರೋ ನನಗೂ ಗೊತ್ತಿಲ್ಲ" ಎಂದು ಹೇಳಿ ಹೋದರು. ಬಲ್ಬಣ್ಣನಿಗೆ ಅದೂ ಸಾಕಿತ್ತು. ಸಭೆಗಳು ನಮ್ಮಲ್ಲಿ ಬೇಗ ಕೂಡುವುದಿಲ್ಲ.

ಆದರೆ ಕಾವಲುಗಾರನ ಬಾಯಿ ಬಲ್ಬಿನಂತಲ್ಲ, ಅದಕ್ಕೆ ಸ್ವಿಚ್ಚಿಲ್ಲ. ಅಕ್ಕ ಮಳೆಯಲ್ಲಿ ಕೂತುಕೊಂಡು ಇಳಿದ ಸುದ್ದಿ ಅವನಿಂದ ಮಗಳಿಗೆ ಮುಟ್ಟಿತ್ತು. ಒಂದು ಸಂಜೆ ಅಕ್ಕ ಕೆಲಸ ಮುಗಿಸಿ ಗೇಟಿಗೆ ಬರುವುದಕ್ಕೂ ಮಗಳು ಆಟೋದಿಂದ ಇಳಿಯುವುದಕ್ಕೂ ಸರಿಹೋಯಿತು. ಆಟೋದವನಿಗೆ ಕಾಯಲು ಹೇಳಿದಳು. ನಾನು ಆಗ ಗೇಟಿನ ಪಕ್ಕದ ಬೆಂಚಿನಲ್ಲಿದ್ದೆ.

"ಬಟ್ಟೆ ಕಟ್ಟಿಕೋ ಅಮ್ಮ. ಕೂತು ಇಳಿಯೋದೂ ಬಿದ್ದ ಹಾಗೇ ಲೆಕ್ಕ."

"ಸರಿ" ಎಂದರು ಅಕ್ಕ. "ಬಟ್ಟೆ ಕೆಳಗಿದೆಯಲ್ಲ. ಬಾ."

ಮಗಳು ಫೋನಿನ ಟಾರ್ಚು ಹಚ್ಚಿದಳು. "ಅದನ್ನ ಆರಿಸು, ಕಣ್ಣಿಗೆ ಹೊಡಿಯುತ್ತೆ" ಎಂದು ತಾಯಿ ಗದರಿದರು. ನಾನೂ ಅವರ ಹಿಂದೆ ಹೊರಟೆ. ಮುಂದೆ ಅಕ್ಕ, ಹಿಂದೆ ಮಗಳು, ಕೈ ಚಾಚಿಕೊಂಡೇ ಬರುತ್ತಿದ್ದಳು, ಹಿಡಿಯಲು. ದೊಡ್ಡ ಬಲ್ಬಿನ ಬೆಳಕು ಬೆನ್ನ ಹಿಂದೆ ಉಳಿಯಿತು. ಮುಂದೆ ದೀಪವೊಂದೂ ಕಾಣದು. ಕಲ್ಲಿನ ಮೇಲೆ ಹಳದಿ ಬೆಳಕು ಚೆಲ್ಲಿದ ಹಾಗೆ ಬಿದ್ದಿತ್ತು, ಬಿಳಿ ಪಟ್ಟೆಗಳು ಒಂದರ ಕೆಳಗೊಂದು ಮಡಿಸಿಟ್ಟ ಚಾದರಗಳಂತೆ ಕಾಣುತ್ತಿದ್ದವು. ಅಕ್ಕ ನಿಧಾನವಾಗಿ ಇಳಿದರು, ಆದರೆ ನಿಲ್ಲಲಿಲ್ಲ. ನನ್ನ ಕಟ್ಟೆಯ ಹತ್ತಿರ ಮಾತ್ರ ತಿರುಗದೆಯೇ, "ಅಲ್ಲೊಂದು ಕಲ್ಲು ಎದ್ದಿದೆ, ನಿನ್ನ ಎತ್ತರದ ಚಪ್ಪಲಿ ಜೋಪಾನ" ಎಂದರು.

ಮಗಳ ಚಾಚಿದ ಕೈ ಯಾವಾಗಲೋ ಇಳಿದಿತ್ತು.

ಕೆಳಗೆ ಬಲ್ಬಣ್ಣ ನಿಂತಿದ್ದರು. ಅಂದು ಅವರು ಕತ್ತೆತ್ತಿರಲಿಲ್ಲ. ದೀಪಗಳನ್ನು ಬಿಟ್ಟು, ಇಳಿದು ಬರುತ್ತಿದ್ದ ಎರಡು ಪಾದಗಳನ್ನು ನೋಡುತ್ತಿದ್ದರು. ಕೊನೆಯ ಮೆಟ್ಟಿಲಿನಿಂದ ಅವು ನೆಲ ಮುಟ್ಟಿದ ಮೇಲೆ ಉಸಿರು ಬಿಟ್ಟರು.

"ಆಟೋದವನು ಕಾಯ್ತಾ ಇದ್ದಾನೆ" ಎಂದಳು ಮಗಳು. ಯಾರಿಗೆ ಹೇಳಿದಳೋ.

"ಹೌದಲ್ಲ, ನಿನಗೆ ತಡ ಆಗುತ್ತೆ" ಎಂದರು ತಾಯಿ.

ಅವಳು ತಂದೆಯನ್ನು ನೋಡಿದಳು, ಬಣ್ಣ ಅಂಟಿದ ಅವರ ಬೆರಳುಗಳನ್ನು ನೋಡಿದಳು. ಕತ್ತಿನಲ್ಲಿದ್ದ ಟೇಪನ್ನು ಸುಮ್ಮನೆ ಎಳೆದು ಸರಿಮಾಡಿಕೊಂಡಳು. "ಆಪರೇಷನ್ ತನಕ" ಎಂದಳು. "ಅಲ್ಲಿ ತನಕ ಮಾತ್ರ. ಅಪ್ಪ, ಆ ಎದ್ದ ಕಲ್ಲು ನಾಳೆನೇ ಸರಿ ಮಾಡಿ."

"ನಾಳೆ ಬೆಳಿಗ್ಗೆನೇ" ಎಂದರು ಬಲ್ಬಣ್ಣ. ನಾಳೆ ಎಂಬ ಮಾತು ಬಾಯಿಗೆ ಬಂದದ್ದೇ ತಡ, ಅಕ್ಕ ಬಿದ್ದ ದಿನ ಹೇಳಿದ ನಾಳೆ ನೆನಪಾಗಿ ನನ್ನ ಮುಖ ನೋಡಿದರು. ಒಳಗೆ ಹೋಗಿ ಕರಣೆ, ಸಿಮೆಂಟಿನ ಬಾಂಡ್ಲಿ ತಂದರು.

ಮಗಳು ಒಬ್ಬಳೇ ಹತ್ತಿ ಹೋದಳು. ಅಕ್ಕ ಬಾಗಿಲಲ್ಲಿ ನಿಂತು ಬಾಂಡ್ಲಿ ಹೊತ್ತ ಗಂಡನನ್ನು ನೋಡಿದರು.

"ಈಗಲೇ ಯಾಕ್ರೀ? ಸುಸ್ತಾಗಿದೆ ಅಂತಿದ್ರಿ. ಸ್ವಲ್ಪ ಕೂತ್ಕೊಳ್ಳಿ."

"ಕೂತರೆ ಏಳೋಕಾಗಲ್ಲ."

"ಎಬ್ಬಿಸೋಕೆ ನಾನಿದ್ದೀನಲ್ಲ" ಎಂದರು ಅಕ್ಕ.

ಬಲ್ಬಣ್ಣ ಬಾಂಡ್ಲಿ ಇಳಿಸಿ, ಕೊನೆಯ ಮೆಟ್ಟಿಲಿನ ಬಿಳಿ ಪಟ್ಟೆಯನ್ನು ಕೈಯಿಂದ ಒರೆಸಿ, ಮೆಲ್ಲಗೆ ಕೂತರು.